ಅಪ್ಪ ಮನೆಯಲ್ಲಿದ್ದು ಎಂತ ಮಾಡುವುದು ಮೇಡಂ?

ಜೂನ್ ಎರಡನೇ ವಾರ, ಮಳೆ ಸರಿಯಾಗಿ ಹಿಡಿದಿತ್ತು. ಉಡುಪಿಯ ನನ್ನ ಸಣ್ಣ ಕೋಣೆಗೆ ಅವರು ಬಂದಾಗ ಪ್ಯಾಂಟು ಮೊಣಕಾಲಿನ ತನಕ ಚಂಡಿ. ಕಂಕುಳಲ್ಲಿದ್ದ ಲ್ಯಾಪ್‌ಟಾಪ್ ಮಾತ್ರ ಎರಡು ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿತ್ತು. ಆಪ್ತಸಲಹೆಗೆ ಲ್ಯಾಪ್‌ಟಾಪ್ ತರುವವರು ಅಪರೂಪ, ಹಾಗಾಗಿ ನನಗೆ ಆವಾಗಲೇ ಸ್ವಲ್ಪ ಕುತೂಹಲ ಹುಟ್ಟಿತ್ತು.

ಹೆಸರು ಹೇಳುವುದಿಲ್ಲ. ಊರು, ಕೆಲಸ ಇತ್ಯಾದಿ ಬದಲಿಸಿದ್ದೇನೆ, ಬರೆಯಲು ಇಬ್ಬರ ಒಪ್ಪಿಗೆಯೂ ಉಂಟು. ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡಣ್ಣ ಅನ್ನುತ್ತಾರೆ, ಇಲ್ಲಿ ನಾನೂ ಹಾಗೇ ಕರೆಯುತ್ತೇನೆ. ವಯಸ್ಸು 52. ಮಗಳಿಗೆ 14 ತಿಂಗಳು.

"ನಿದ್ರೆ ಇಲ್ಲ ಮೇಡಂ. ರಾತ್ರಿ ಎರಡಕ್ಕೆ ಎಚ್ಚರ ಆದರೆ ಮತ್ತೆ ಲೆಕ್ಕ ಶುರು."

ಎಂತ ಲೆಕ್ಕ ಅಂತ ಕೇಳಿದ್ದೇ ತಡ, ಲ್ಯಾಪ್‌ಟಾಪ್ ತೆರೆದರು. ಎಕ್ಸೆಲ್ ಶೀಟ್. ಒಂದು ಸಾಲಿಗೆ ಒಂದು ವರ್ಷ, 2049ರ ತನಕ. ಮಗಳ ವಯಸ್ಸು ಒಂದು ಕಡೆ, ಅದರ ಪಕ್ಕದಲ್ಲೇ ಇವರ ವಯಸ್ಸು, ಆಮೇಲೆ ಶಾಲೆ ಫೀಸು, ಕಾಲೇಜು, ಮದುವೆ. ಸುಕನ್ಯಾ ಸಮೃದ್ಧಿ ಖಾತೆ ಮಗು ಹುಟ್ಟಿದ ಮೂರನೇ ವಾರಕ್ಕೇ ಮಾಡಿಸಿದ್ದಾರಂತೆ. "15 ವರ್ಷ ಕಟ್ಟಬೇಕು, ಕೊನೆಯ ಕಂತಿಗೆ ನನಗೆ 66. ಖಾತೆ ತೆರೆದು 21 ವರ್ಷಕ್ಕೆ ದುಡ್ಡು ಕೈಗೆ ಬರುವುದು, ಅಷ್ಟರಲ್ಲಿ ನಾನು ಇರ್ತೇನೋ ಇಲ್ಲವೋ." 70 ದಾಟಿದ ಸಾಲುಗಳಲ್ಲಿ ತನ್ನ ವಯಸ್ಸಿನ ಚೌಕಕ್ಕೆ ಬೂದು ಬಣ್ಣ ಹಚ್ಚಿದ್ದರು. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು, ಸುಳ್ಳು ಯಾಕೆ ಹೇಳಲಿ.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಈಗೆಲ್ಲ ತಡವಾಗಿ ಅಪ್ಪ ಆಗುವವರು ಬೇಕಾದಷ್ಟು ಜನ ಇದ್ದಾರೆ, ನೀವೊಬ್ಬರೇ ಏನಲ್ಲ ಅಂದೆ. ಅವರು ಲ್ಯಾಪ್‌ಟಾಪ್ ಮುಚ್ಚಿದರು. "ಬೇರೆಯವರದ್ದು ನನಗೆ ಬೇಡ ಮೇಡಂ." ಸರಿಯಾದ ಮಾತು. ಸಮಾಧಾನ ಹೇಳುವ ಅವಸರ ನನಗಿತ್ತು, ಅವರಿಗೆ ಬೇಕಾಗಿದ್ದದ್ದು ಅದಲ್ಲ.

ಅವರ ಕಥೆ ನಮ್ಮ ಕರಾವಳಿಯಲ್ಲಿ ಹೊಸತೇನೂ ಅಲ್ಲ. 1996ರಲ್ಲಿ, 23ನೇ ವಯಸ್ಸಿಗೆ ಗಲ್ಫಿಗೆ ಹೋದವರು. ಒಂದು ಕಂಪೆನಿಯ ಸ್ಟೋರ್ ಕೀಪರ್, ಎಕ್ಸೆಲ್ ಪ್ರೀತಿ ಅಲ್ಲಿಂದ ಬಂದದ್ದು. ಇಬ್ಬರು ತಂಗಿಯರ ಮದುವೆ, ತಮ್ಮನ ಓದು, ಹಂಚಿನ ಮನೆ ಹೋಗಿ ತಾರಸಿ ಮನೆ. ಎಲ್ಲ ಮುಗಿಸಿ ತನ್ನ ಮದುವೆ ಆಗುವಾಗ 41. ಹೆಂಡತಿ ಹನ್ನೊಂದು ವರ್ಷ ಚಿಕ್ಕವರು. ಮದುವೆಯಾಗಿ ಎರಡು ತಿಂಗಳಿಗೆ ಇವರು ವಾಪಸ್ ವಿಮಾನ ಹತ್ತಿದರು, ಆಮೇಲೆ ವರ್ಷಕ್ಕೆ ನಲವತ್ತು ದಿನದ ಸಂಸಾರ. ಅಷ್ಟರಲ್ಲಿ ಮಗು ಆಗಲಿಲ್ಲ ಅಂತ ಊರಿನವರು ಹೆಂಡತಿಗೇ ಹೇಳುತ್ತಿದ್ದದ್ದು ಬೇರೆ. 2021ರಲ್ಲಿ ಗಲ್ಫ್ ಬಿಟ್ಟು ಬಂದು ಹೆದ್ದಾರಿ ಬದಿಯಲ್ಲಿ ಒಂದು ಅಂಗಡಿ ಹಾಕಿದರು. ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆ, ಎರಡು ಸಲ, ಎರಡನೇ ಸಲ ಗರ್ಭ ನಿಂತಿತು. "ಈ ಚಿಕಿತ್ಸೆಗೆ ಕಾನೂನೇ ಗೆರೆ ಹಾಕಿದೆ, ಗಂಡಸಿಗೆ 55, ಹೆಂಗಸಿಗೆ 50. ನಾನು ಗೆರೆಯ ಹತ್ತಿರ ಬಂದವ" ಅಂದರು. 2021ರ ಕಾನೂನು, ಅವರು ಹೇಳಿದ್ದು ಸರಿ. ಆದರೆ ಗೆರೆಯ ಒಳಗೇ ಇದ್ದವರು ಅಲ್ವಾ, ಅದನ್ನು ಅವರು ಹೇಳಲಿಲ್ಲ.

ಎರಡನೇ ಭೇಟಿಗೆ ನಾನು ಅವರಿಂದ ಒಂದು ಪ್ರಶ್ನಾವಳಿ ತುಂಬಿಸಿದೆ. ಹೆರಿಗೆಯಾದ ತಾಯಂದಿರ ಖಿನ್ನತೆ ಗುರುತಿಸಲು 1987ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಮಾಡಿದ ಹತ್ತು ಪ್ರಶ್ನೆಗಳು, ಎಡಿನ್‌ಬರೋ ಅಂತ ಕರೆಯುತ್ತೇವೆ. ಅಪ್ಪಂದಿರಿಗೂ ಕೊಡುತ್ತಾರೆ. "ಇದು ಬಾಣಂತಿಯರದ್ದಲ್ವಾ?" ಅಂತ ನಕ್ಕರು. ಮಗು ಹುಟ್ಟಿದ ಮೊದಲ ವರ್ಷದಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಅಪ್ಪನಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ ಅಂದಾಗ ನಗು ನಿಂತಿತು. ಅವರ ಅಂಕ ಗಡಿಯಲ್ಲಿತ್ತು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ, ಕೇಳಲೇಬೇಕು. "ಸಾಯಬಾರದು ಅಂತಲೇ ಅಲ್ವಾ ಮೇಡಂ ನಿದ್ರೆ ಇಲ್ಲದಿರುವುದು" ಅಂದರು. ಆದರೂ ಮನೋವೈದ್ಯರ ಹತ್ತಿರ ಒಮ್ಮೆ ಕಳಿಸಿದೆ. ಬಿಪಿ, ಸಕ್ಕರೆ, ಥೈರಾಯ್ಡ್ ಪರೀಕ್ಷೆಯೂ ಮಾಡಿಸಿದೆ. ನಿದ್ರೆ ಕೆಡಲು ಮನಸ್ಸೊಂದೇ ಕಾರಣ ಅಂತ ನಾವು ಸುಮ್ನೆ ಅಂದುಕೊಳ್ಳಬಾರದು, 50 ದಾಟಿದವರಲ್ಲಂತೂ. ಬಿಪಿ ಇತ್ತು. ಮಾತ್ರೆ ಶುರುವಾಯಿತು. ಖಿನ್ನತೆಗೆ ಸದ್ಯ ಔಷಧಿ ಬೇಡ, ಮಾತುಕತೆ ಮುಂದುವರಿಯಲಿ ಅಂದರು ಡಾಕ್ಟ್ರು. ರಾತ್ರಿ ತೀರಾ ತಡೆಯದಿದ್ದರೆ ಮಾತಾಡಲು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದು ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅದೇ ದಿನ ಅವರ ಇನ್ನೊಂದು ಭಯ ಹೊರಗೆ ಬಂತು. ಮಗು ಇನ್ನೂ ನಡೆಯುವುದಿಲ್ಲ. ಅಪ್ಪನಿಗೆ ವಯಸ್ಸಾದರೆ ಮಗುವಿಗೆ ಆಟಿಸಂ ಬರುತ್ತದೆ ಅಂತ ಮೊಬೈಲಿನಲ್ಲಿ ಓದಿದ್ದರು. ಇದರಲ್ಲಿ ನಾನು ಏನೂ ಮುಚ್ಚಿಡಲಿಲ್ಲ. ಗಂಡಸಿನ ದೇಹ ವೀರ್ಯಾಣುಗಳನ್ನು ವಯಸ್ಸಾದ ಮೇಲೂ ತಯಾರಿಸುತ್ತಲೇ ಇರುತ್ತದೆ, ವರ್ಷ ಕಳೆದ ಹಾಗೆ ಆ ನಕಲಿನಲ್ಲಿ ಸಣ್ಣ ಸಣ್ಣ ತಪ್ಪುಗಳು ಸೇರುತ್ತವೆ, ಆಟಿಸಂನಂಥ ತೊಂದರೆಗಳ ಸಂಭವ ಸ್ವಲ್ಪ ಏರುವುದು ನಿಜ. "ಹಳೆ ಜೆರಾಕ್ಸ್ ಮೆಷಿನಿನ ಹಾಗೆ" ಅಂದರು ಅವರೇ. ಹೌದು, ಆದರೆ ಮೂಲದ ಸಂಭವವೇ ಸಣ್ಣದು, ಸ್ವಲ್ಪ ಏರಿದರೂ ಸಣ್ಣದೇ, ವಯಸ್ಸಾದ ಅಪ್ಪಂದಿರ ಹೆಚ್ಚಿನ ಮಕ್ಕಳು ಆರಾಮವಾಗಿಯೇ ಇರುತ್ತಾರೆ. ಇನ್ನು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮಕ್ಕಳು ಹಿಡಿಯದೆ ನಡೆಯುವುದು 8 ತಿಂಗಳಿಂದ ಹಿಡಿದು 17 ತಿಂಗಳು ದಾಟುವ ತನಕ ಯಾವಾಗ ಬೇಕಾದರೂ ಆಗಬಹುದು. 14ಕ್ಕೆ ಗಾಬರಿ ಬೇಡ. ಮಕ್ಕಳ ಡಾಕ್ಟ್ರು ನೋಡುವುದು ಬೇರೆ ವಿಷಯಗಳನ್ನು.

"ಹೆಸರು ಕರೆದರೆ ತಿರುಗುತ್ತಾಳಾ? ಕಾಗೆ ತೋರಿಸಿದರೆ ಆ ಕಡೆ ನೋಡುತ್ತಾಳಾ? ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಾಳಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ಹೆಂಡತಿಯನ್ನು ಕೇಳಬೇಕು."

25 ವರ್ಷದ ಫೀಸು ಬಾಯಿಪಾಠ ಇರುವವರಿಗೆ ಮಗು ಕಾಗೆ ನೋಡುತ್ತದಾ ಅಂತ ಗೊತ್ತಿಲ್ಲ. ನಾನೇನೂ ಹೇಳಲಿಲ್ಲ. ಅವರಿಗೂ ಅದು ಕೇಳಿಸಿತ್ತು ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು.

ಮೂರನೇ ಸಲ ಲ್ಯಾಪ್‌ಟಾಪ್ ತರಲಿಲ್ಲ. ಕುಳಿತವರೇ ಮಲ್ಪೆಯ ವಿಷಯ ತೆಗೆದರು. ಏಪ್ರಿಲ್‌ನ ಒಂದು ಭಾನುವಾರ, ಬೀಚಿನಲ್ಲಿ ಮಗುವನ್ನು ಎತ್ತಿಕೊಂಡು ಚರುಮುರಿ ತೆಗೆದುಕೊಳ್ಳಲು ನಿಂತಿದ್ದರು. ಚರುಮುರಿಯವ ಈರುಳ್ಳಿ ಕೊಚ್ಚುತ್ತಾ ಮಗುವಿನ ಕಡೆ ನೋಡಿ ಪ್ರೀತಿಯಿಂದಲೇ ತುಳುವಿನಲ್ಲಿ "ಪುಳ್ಳಿಯಾ?" ಅಂದ. ಮೊಮ್ಮಗಳಾ ಅಂತ.

"ನಾನು ಅಂದ್ ಅಂದುಬಿಟ್ಟೆ ಮೇಡಂ."

ತುಳು ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಂದ್ ಅಂದರೆ ಹೌದು.

ಆ ದಿನದಿಂದ ಮಗುವನ್ನು ಹೊರಗೆ ಎತ್ತಿಕೊಂಡು ಹೋಗಿಲ್ಲ. ಕಾರಿನಲ್ಲಿ ಹೋದರೂ ಇವರು ಡ್ರೈವಿಂಗ್, ಮಗು ಹಿಂದೆ. ಎಕ್ಸೆಲ್ ಶೀಟ್ ಶುರುವಾದದ್ದೂ ಅದೇ ವಾರ. ಹೆಂಡತಿಗೆ ಹೇಳಬೇಡಿ ಅಂದರು. ಹೇಳುವುದಿಲ್ಲ, ಆದರೆ ನೀವು ಹೇಳಿದರೆ ಒಳ್ಳೆಯದು ಅಂದೆ. ಒಂದು ಶಬ್ದಕ್ಕೆ ಇಷ್ಟೆಲ್ಲ ಯಾಕೆ ಅಂತ ನಿಮಗೆ ಅನ್ನಿಸಬಹುದು. ಹತ್ತು ವರ್ಷ ಕಾದ ಮಗು ಅದು, ಕೇಳಿದವನ ಎದುರು ನನ್ನದಲ್ಲ ಅಂದ ಹಾಗಾಯಿತಲ್ಲ. ಸಣ್ಣ ವಿಷಯ ಅನ್ನಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಅವರ ಅಪ್ಪನ ಬಗ್ಗೆ ಕೇಳಿದೆ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದವರು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಟ್ರಂಕ್ ಹಿಡಿದು ಬರುವುದು, ಮಳೆ ಶುರುವಾಗುವಾಗ ಹೋಗುವುದು. "ನಮಗೆ ಅಪ್ಪ ಅಂದರೆ ಪೋಸ್ಟ್‌ಮ್ಯಾನ್ ಮೇಡಂ. ಮನಿಯಾರ್ಡರ್ ಬಂದ ದಿನ ಅಮ್ಮ ಅಪ್ಪನ ಹೆಸರು ಹೇಳುತ್ತಿದ್ದರು." ಇವರಿಗೆ 19 ಆಗುವಾಗ ಅಪ್ಪ ಅಲ್ಲೇ ತೀರಿಕೊಂಡರು. ಆಗ ಅಪ್ಪನಿಗೆ 50 ಕೂಡ ಆಗಿರಲಿಲ್ಲ. ಅಂದರೆ 23ಕ್ಕೇ ಇವರಿಗೆ ಮದುವೆಯಾಗಿ ಮಗು ಹುಟ್ಟಿದ್ದರೂ ಇದೇ ಪ್ರಶ್ನೆ ಬರುತ್ತಿತ್ತೋ ಏನೋ, ಗಲ್ಫ್ ಅದನ್ನು ಮುಚ್ಚಿಡುತ್ತಿತ್ತು ಅಷ್ಟೇ. ಈ ಪ್ರಶ್ನೆ:

"ಅಪ್ಪ ಮನೆಯಲ್ಲೇ ಇದ್ದರೆ ಎಂತ ಮಾಡುವುದು ಮೇಡಂ? ನಾನು ನೋಡಿಲ್ಲ."

ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಸೀದಾ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ವಯಸ್ಸಿನ ವಿಷಯ ನಾವು ಮೂರು ವಾರ ಮಾತಾಡಿದ್ದೆವು, ಅವರಿಗೆ ತೊಡಕಾಗಿದ್ದದ್ದು ಇದು. ದುಡ್ಡು ಕಳಿಸುವುದು ಗೊತ್ತು, ಮುಂದಿನ ವ್ಯವಸ್ಥೆ ಮಾಡುವುದು ಗೊತ್ತು. ಸಂಜೆ ಆರು ಗಂಟೆಗೆ ಮಗುವಿನ ಜೊತೆ ನೆಲದಲ್ಲಿ ಕೂತು ಕೈಯನ್ನು ಎಲ್ಲಿಡಬೇಕು ಅಂತ ಗೊತ್ತಿಲ್ಲ.

ನಾಲ್ಕನೇ ಸಲ ಹೆಂಡತಿಯೂ ಬಂದರು. ಮಗುವನ್ನು ನಾದಿನಿಯ ಹತ್ತಿರ ಬಿಟ್ಟು ಬಂದಿದ್ದರು. ಕಡಿಮೆ ಮಾತಿನವರು, ಆದರೆ ಮೊದಲ ಮಾತೇ ಹೀಗಿತ್ತು: "ಇವರು ಇನ್ನೂ ಗಲ್ಫಿನಿಂದ ಬಂದಿಲ್ಲ ಮೇಡಂ. ಸಾಮಾನು ಮಾತ್ರ ಬಂದಿದೆ." ದೊಡ್ಡಣ್ಣ ತಲೆ ತಗ್ಗಿಸಿ ಮಲ್ಪೆಯದ್ದು ಹೇಳಿದರು. ಅರ್ಧಕ್ಕೆ ನಿಂತರು, ಮತ್ತೆ ಹೇಳಿದರು. ಅವರು ಕೇಳಿಸಿಕೊಂಡು, "ನಾನು ನಿಮ್ಮ ಹಿಂದೆಯೇ ಇದ್ದೆ ಅಲ್ವಾ, ಕೇಳಿಸಿತ್ತು. ನೀವೇ ಹೇಳ್ತೀರಾ ಅಂತ ಮೂರು ತಿಂಗಳಿಂದ ನೋಡ್ತಾ ಇದ್ದೇನೆ" ಅಂದರು. ಆಮೇಲೆ ಇಬ್ಬರೂ ಅತ್ತರು, ನಾನು ಫ್ಯಾನ್ ಸ್ಪೀಡ್ ಕಡಿಮೆ ಮಾಡುವ ನೆಪದಲ್ಲಿ ಎದ್ದೆ.

ಹೆಂಡತಿಯ ಕಡೆಯದ್ದೂ ಇತ್ತು. ಹಾರ್ಮೋನ್ ಚುಚ್ಚುಮದ್ದು ಎಲ್ಲ ಅವರ ಮೈಗೆ, 40ರಲ್ಲಿ ಹೆರಿಗೆ, ರಾತ್ರಿ ನಿದ್ರೆ ಇಲ್ಲ. ಇವರು ಎರಡು ಗಂಟೆಗೆ ಎಕ್ಸೆಲ್ ನೋಡುವಾಗ ಪಕ್ಕದ ಕೋಣೆಯಲ್ಲಿ ಅವರೂ ಎಚ್ಚರ ಇರುತ್ತಿದ್ದರು, ಹಾಲೂಡಿಸುತ್ತಾ. ಆ ಹೊತ್ತಿಗೆ ಎದ್ದೇ ಇರುತ್ತೀರಲ್ಲ, ಹಾಲು ಕುಡಿದ ಮೇಲೆ ಮಗುವನ್ನು ಮಲಗಿಸುವುದು ನೀವು ಯಾಕೆ ಮಾಡಬಾರದು ಅಂದೆ. ಹೊಳೆದಿರಲಿಲ್ಲವಂತೆ. ಹೊಳೆಯದಿರುವುದಕ್ಕೆ ಬೈಯಬಹುದು, ಆದರೆ ಮನಿಯಾರ್ಡರ್ ಅಪ್ಪನ ಮಗ, ಅದನ್ನೂ ನೆನಪಿಡಬೇಕು.

ಕೊಟ್ಟ ಸಲಹೆ ದೊಡ್ಡದೇನಲ್ಲ. ದಿನಾ ಸಂಜೆ ಆರರಿಂದ ಏಳು ಮಗು ಅಪ್ಪನದ್ದು. ಅಂಗಡಿಯಲ್ಲಿ ಹುಡುಗ ಇದ್ದಾನೆ, ನೋಡಿಕೊಳ್ಳುತ್ತಾನೆ. ಮೊಬೈಲ್ ಬೇರೆ ಕೋಣೆಯಲ್ಲಿ. ಎಂತ ಮಾಡಬೇಕು ಅಂತ ಪಟ್ಟಿ ಕೇಳಿದರು, ಕೊಡಲಿಲ್ಲ. ನೆಲದಲ್ಲಿ ಕೂರಿ, ಅವಳು ಎಂತ ಮಾಡುತ್ತಾಳೆ ನೋಡಿ, ಮುಂದಿನ ವಾರ ನನಗೆ ಹೇಳಿ, ಅಷ್ಟೇ. ಹೆಂಡತಿಗೂ ಒಂದು ಮಾತು ಹೇಳಿದೆ. ಆ ಒಂದು ಗಂಟೆ ಬಾಗಿಲ ಹತ್ತಿರ ನಿಂತು ಹಾಗಲ್ಲ ಹೀಗೆ ಅನ್ನಬೇಡಿ, ಡಯಾಪರ್ ಓರೆಯಾದರೆ ಓರೆ. ಅವರು ಆ ಹೊತ್ತಿಗೆ ಮಲಗಲಿ, ಇಲ್ಲ ತಾಯಿ ಮನೆಗೆ ಫೋನ್ ಮಾಡಲಿ.

ಎಕ್ಸೆಲ್ ಅಳಿಸಿ ಅಂತ ಹೇಳಲಿಲ್ಲ. ಅವರ ಚಿಂತೆಯಲ್ಲಿ ಹುರುಳಿದೆ. 52ರ ಅಪ್ಪ ದುಡ್ಡಿನ ವಿಷಯ ಯೋಚಿಸಲೇಬೇಕು, ಯೋಚಿಸದವರಿಗೆ ನಾನೇ ಯೋಚಿಸಿ ಅನ್ನುತ್ತೇನೆ. ಆದರೆ ಒಮ್ಮೆ ಕೂತು ಮುಗಿಸಿ ಅಂದೆ. ವಕೀಲರ ಹತ್ತಿರ ಹೋಗಿ ವಿಲ್ ಬರೆಸಿ, ಬ್ಯಾಂಕು ವಿಮೆಗಳ ನಾಮಿನಿ ಸರಿ ಮಾಡಿ. ತಾನು ಹೋದರೆ ಮಗುವಿನ ಜವಾಬ್ದಾರಿ ಕಾನೂನಿನಲ್ಲಿ ಯಾರದ್ದು ಅಂತ ಅವರಿಗೆ ದೊಡ್ಡ ಗೊಂದಲ ಇತ್ತು, ತಮ್ಮನನ್ನು ಬರೆಯಬೇಕಾ ಅಂತ. 1956ರ ಹಿಂದೂ ಪಾಲಕತ್ವದ ಕಾಯ್ದೆಯಲ್ಲಿ ಅಪ್ಪನ ನಂತರ ಅಮ್ಮನೇ ಸಹಜ ಪಾಲಕಿ, ಯಾರನ್ನೂ ಬರೆಯದಿದ್ದರೂ ಅವರೇ. ಇದು ಕೇಳಿ ಹೆಂಡತಿ ಗಂಡನ ಮುಖ ನೋಡಿದ ರೀತಿ ಉಂಟಲ್ಲ, ನನಗೆ ನಗು ತಡೆಯಲು ಕಷ್ಟವಾಯಿತು. ಇನ್ನು ಬೂದು ಬಣ್ಣದ ಚೌಕಗಳು. ಸರಾಸರಿ ಆಯುಷ್ಯ 70 ಅನ್ನುವುದು ಹುಟ್ಟುವ ಮಗುವಿನ ಲೆಕ್ಕ, ಎಳೆಯದರಲ್ಲೇ ಹೋದವರೂ ಅದರಲ್ಲಿ ಸೇರಿರುತ್ತಾರೆ. ಈಗಾಗಲೇ 50 ದಾಟಿದವರ ಸರಾಸರಿ ಅದಕ್ಕಿಂತ ಮುಂದೆ ಹೋಗುತ್ತದೆ. ಸ್ಟೋರ್ ಕೀಪರ್‌ಗೆ ಇದು ತಕ್ಷಣ ಅರ್ಥವಾಯಿತು. "ಹಾಗಾದರೆ ನನ್ನ ಫಾರ್ಮುಲಾ ತಪ್ಪು" ಅಂದರು. ನೂರು ಸಮಾಧಾನದ ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡಿತು.

ಪುಳ್ಳಿಯಾ ಅಂತ ಜನ ಮುಂದೆಯೂ ಕೇಳುತ್ತಾರೆ. ಅಂಗನವಾಡಿಯಲ್ಲಿ ಕೇಳುತ್ತಾರೆ, ಶಾಲೆಯಲ್ಲಿ ಕೇಳುತ್ತಾರೆ, ಮಗಳಿಗೆ ಬುದ್ಧಿ ಬಂದ ಮೇಲೆ ಅವಳ ಎದುರೇ ಕೇಳುತ್ತಾರೆ. ಅದಕ್ಕೆ ಉತ್ತರ ಈಗಲೇ ಬಾಯಿಗೆ ರೂಢಿಯಾಗಬೇಕು. "ಅಲ್ಲ, ಮಗಳು." ಅಷ್ಟೇ ಸಾಕು, ಐವಿಎಫ್ ಕಥೆ, ಗಲ್ಫ್ ಕಥೆ ಯಾರಿಗೂ ಹೇಳಬೇಕಾಗಿಲ್ಲ. ಕೋಣೆಯಲ್ಲೇ ನಾನು ಚರುಮುರಿಯವಳಾದೆ, ಅವರು ಗಿರಾಕಿ. ಮೊದಲ ಮೂರು ಸಲ ಸ್ವರ ಹೊರಡಲಿಲ್ಲ. ನಾಲ್ಕನೇ ಸಲ ಎಷ್ಟು ಜೋರಾಗಿ ಹೇಳಿದರು ಅಂದರೆ ಹೊರಗೆ ಕಾಯುತ್ತಿದ್ದವರು ಇಣುಕಿ ನೋಡಿದರು.

ಜುಲೈ ಕೊನೆಗೆ ಮಗು ನಡೆಯಿತು, 15 ತಿಂಗಳು ಕಳೆದು. ಆರರಿಂದ ಏಳರ ಹೊತ್ತಿನಲ್ಲೇ, ಹಾಗಾಗಿ ಮೊದಲು ನೋಡಿದವರು ಅಪ್ಪ. ಹೆಂಡತಿಗೆ ಸ್ವಲ್ಪ ಹೊಟ್ಟೆಕಿಚ್ಚು ಉಂಟು, ಇರಲಿ. ವಾರದಲ್ಲಿ ಏಳೂ ದಿನ ಆಗುವುದಿಲ್ಲ, ನಾಲ್ಕೈದು ದಿನ ಆಗುತ್ತದೆ. ಕೆಲವು ರಾತ್ರಿ ಈಗಲೂ ಎರಡು ಗಂಟೆಗೆ ಎಚ್ಚರವಾಗುತ್ತದಂತೆ. ಶೀಟ್ ತಿಂಗಳಿಗೊಮ್ಮೆ ತೆರೆಯುತ್ತಾರೆ, ಬೂದು ಬಣ್ಣ ತೆಗೆದಿದ್ದಾರೋ ಅಂತ ನಾನು ಕೇಳಲಿಲ್ಲ. ಕಾಗೆಯ ಬಗ್ಗೆ ಮಾತ್ರ ಅವರಾಗಿಯೇ ಹೇಳಿದರು. ನೋಡುತ್ತಾಳಂತೆ, ಆದರೆ ಬೆಕ್ಕು ಕಂಡರೆ ಜಾಸ್ತಿ ಖುಷಿಯಂತೆ.

ಮುಂದಿನ ಭೇಟಿ ಅಷ್ಟಮಿ ಕಳೆದ ಮೇಲೆ. ಮಗಳಿಗೆ ಮುದ್ದುಕೃಷ್ಣನ ವೇಷ ಹಾಕಿಸುತ್ತಾರಂತೆ, ರಥಬೀದಿಯ ಜನಜಂಗುಳಿಯಲ್ಲಿ ಎತ್ತಿಕೊಂಡು ಹೋಗುವುದು ಇವರೇ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. "ಅಷ್ಟು ಹೊತ್ತು ಎತ್ತಿಕೊಂಡರೆ ಸೊಂಟ ಹಿಡಿಯುತ್ತದೆ ಮೇಡಂ, ಅದಕ್ಕೆ ನಿಮ್ಮ ಹತ್ತಿರ ಏನಾದರೂ ಉಂಟಾ?" ಅಂತ ಕೇಳಿದರು. ಫಿಸಿಯೋಥೆರಪಿಯವರ ನಂಬರ್ ಕೊಟ್ಟೆ.