ದೇಣಿಗೆ ಕೊಟ್ಟವರ ಹೆಸರು ಮತದಾರನಿಗೇಕೆ ತಿಳಿಯಬೇಕು?

ಪ್ರಶ್ನೆ: ಕಂಪನಿಗಳು ರಾಜಕೀಯ ಪಕ್ಷಗಳಿಗೆ ಹಣ ಕೊಡುವುದು ಕಾನೂನುಬದ್ಧವೇ ಆಗಿರುವಾಗ, ಕೊಟ್ಟವರ ಹೆಸರು ಗುಟ್ಟಾಗಿದ್ದರೆ ಸಾಮಾನ್ಯ ಮತದಾರನಿಗೆ ಆಗುವ ನಷ್ಟವೇನು? ಹೆಸರು ಬಯಲಾಗದಂತೆ ಪಕ್ಷಗಳಿಗೆ ಹಣ ಕೊಡಲು ಬ್ಯಾಂಕಿನಿಂದ ಕೊಳ್ಳುತ್ತಿದ್ದ ಚುನಾವಣಾ ಬಾಂಡ್ ರದ್ದಾದ ಮೇಲೆ ಸರ್ಕಾರಕ್ಕೂ ಕಂಪನಿಗಳಿಗೂ ಇದ್ದ ಈ ನಂಟು ಕಡಿದುಹೋಯಿತೇ?
— ಓದುಗರೊಬ್ಬರು, ಹಾವೇರಿ

ಉತ್ತರ: ಕಂಪನಿಗೆ ಮತದಾನದ ಹಕ್ಕಿಲ್ಲ. ಆದರೆ ಗಣಿ ಗುತ್ತಿಗೆಯಿಂದ ಹಿಡಿದು ಹೆದ್ದಾರಿಯ ಟೆಂಡರ್‌ವರೆಗೆ, ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಂಡ ರೈತರ ಜಮೀನಿನಿಂದ ಹಿಡಿದು ತೆರಿಗೆ ವಿನಾಯಿತಿಯವರೆಗೆ, ಅದರ ಲಾಭನಷ್ಟವನ್ನು ನಿರ್ಧರಿಸುವ ಕಡತಗಳು ಸರ್ಕಾರದ ಕೈಯಲ್ಲಿರುತ್ತವೆ. ಅಂಥ ಕಡತಕ್ಕೆ ಸಹಿ ಹಾಕುವವರ ಪಕ್ಷಕ್ಕೆ ಅದೇ ಕಂಪನಿ ಕೋಟ್ಯಂತರ ರೂಪಾಯಿ ಕೊಟ್ಟಿದ್ದರೆ, ಆ ಸಹಿ ಯಾರ ಹಿತಕ್ಕಾಗಿ ಬಿತ್ತು ಎಂದು ಕೇಳುವ ಹಕ್ಕು ಮತದಾರನಿಗಿದೆ. ಹೆಸರೇ ತಿಳಿಯದಿದ್ದರೆ ಅವನು ಆ ಪ್ರಶ್ನೆಯನ್ನು ಕೇಳುವುದಾದರೂ ಹೇಗೆ?

2017ರ ಹಣಕಾಸು ಕಾಯ್ದೆಗೆ ಮೊದಲು ಕಂಪನಿಯೊಂದು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡುವಂತಿರಲಿಲ್ಲ. ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತೆಂದು ಲೆಕ್ಕಪತ್ರದಲ್ಲಿ ತೋರಿಸಲೂ ಬೇಕಿತ್ತು. ತಿದ್ದುಪಡಿ ಈ ಎರಡು ಕಟ್ಟುಗಳನ್ನೂ ಸಡಿಲಿಸಿದ್ದರಿಂದ ನಷ್ಟದಲ್ಲಿರುವ ಕಂಪನಿಯೂ ಬೇಕಾದಷ್ಟು ಕೊಡಬಹುದಾಯಿತು. ಲಾಭವೇ ಇಲ್ಲದ ಕಂಪನಿ ಯಾರ ಹಣವನ್ನು, ಯಾತಕ್ಕಾಗಿ ಕೊಡುತ್ತದೆ ಎಂದು ಒಮ್ಮೆ ಯೋಚಿಸಿ ನೋಡಿ. 2018ರಲ್ಲಿ ಜಾರಿಗೆ ಬಂದ ಬಾಂಡ್‌ಗಳನ್ನು ಭಾರತೀಯ ಸ್ಟೇಟ್ ಬ್ಯಾಂಕ್ ಮಾತ್ರ ಮಾರುತ್ತಿತ್ತು. ನನಗೆ ಅತ್ಯಂತ ಕಳವಳ ಹುಟ್ಟಿಸಿದ್ದು ಇದೇ: ಕೊಂಡವರ ವಿವರವೆಲ್ಲ ಸರ್ಕಾರಿ ಒಡೆತನದ ಬ್ಯಾಂಕಿನಲ್ಲಿತ್ತು, ಕ್ರಿಮಿನಲ್ ಪ್ರಕರಣ ದಾಖಲಾದರೆ ತನಿಖಾ ಸಂಸ್ಥೆಗಳಿಗೆ ಅದನ್ನು ಒದಗಿಸಲು ಯೋಜನೆಯಲ್ಲೇ ಅವಕಾಶವಿತ್ತು. ಪೂರ್ತಿ ಕತ್ತಲಲ್ಲಿದ್ದವರು ಜನ ಮಾತ್ರ.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಒಮ್ಮತದಿಂದ ಈ ಯೋಜನೆಯನ್ನು ಅಸಾಂವಿಧಾನಿಕವೆಂದು ಸಾರಿತು. ದೇಣಿಗೆಯ ಮೂಲ ತಿಳಿಯುವುದು ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ನೀಡುವ ಸಂವಿಧಾನದ 19(1)(ಎ) ವಿಧಿಯಡಿ ಮತದಾರನ ಹಕ್ಕು ಎಂದ ನ್ಯಾಯಾಲಯವು, ಕಂಪನಿಯ ದೇಣಿಗೆಯು ಪ್ರತಿಫಲದ ನಿರೀಕ್ಷೆಯಲ್ಲಿ ನಡೆಯುವ ವ್ಯವಹಾರವೆಂದೂ ಗುರುತಿಸಿತು. ಬಾಂಡ್ ಕೊಂಡವರ ವಿವರ ಒಪ್ಪಿಸಲು ಬ್ಯಾಂಕು ಜೂನ್ 30ರವರೆಗೆ ಕೇಳಿದ ಕಾಲಾವಕಾಶ ಸಿಗಲಿಲ್ಲ. ಮಾರ್ಚ್‌ನಲ್ಲೇ ಪಟ್ಟಿ ಹೊರಬಂತು. ಅದರಲ್ಲಿ ಜಾರಿ ನಿರ್ದೇಶನಾಲಯದ ತನಿಖೆ ಎದುರಿಸುತ್ತಿದ್ದ ಕಂಪನಿಗಳಿದ್ದವು, ಸರ್ಕಾರಿ ಕಾಮಗಾರಿಗಳ ದೊಡ್ಡ ಗುತ್ತಿಗೆದಾರರೂ ಇದ್ದರು. ಕೇಂದ್ರದಲ್ಲಿ ಆಳುವ ಪಕ್ಷಕ್ಕೆ ಎಲ್ಲರಿಗಿಂತ ದೊಡ್ಡ ಪಾಲು ಸಂದಿತ್ತು. ರಾಜ್ಯಗಳಲ್ಲಿ ಅಧಿಕಾರ ಹಿಡಿದಿದ್ದ ಕೆಲವು ಪಕ್ಷಗಳಿಗೂ ನೂರಾರು ಕೋಟಿ ಹೋಗಿತ್ತು. ಇಷ್ಟರಿಂದಲೇ ಪ್ರತಿಯೊಂದು ದೇಣಿಗೆಯೂ ಲಂಚವೆಂದು ಹೇಳಲಾಗದು. ಆದರೆ ವಿಶೇಷ ತನಿಖಾ ತಂಡ ಬೇಕೆಂಬ ಅರ್ಜಿಗಳನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯಾಯಾಲಯ ತಳ್ಳಿಹಾಕಿದ್ದರಿಂದ, ಯಾವುದು ದೇಣಿಗೆ, ಯಾವುದು ಲಂಚ ಎಂಬುದನ್ನು ಒಟ್ಟಾಗಿ ಪರೀಕ್ಷಿಸುವ ಅವಕಾಶ ತಪ್ಪಿಹೋಯಿತು.

ನಂಟು ಕಡಿದಿಲ್ಲ. ಕಂಪನಿ ದೇಣಿಗೆಯನ್ನೇ 1969ರಲ್ಲಿ ನಿಷೇಧಿಸಿ, 1985ರಲ್ಲಿ ಮತ್ತೆ ಅನುಮತಿಸಿದ ದೇಶ ನಮ್ಮದು. ನಿಷೇಧವಿದ್ದ ಅವಧಿಯಲ್ಲಿ ಕಪ್ಪುಹಣ ಬೆಳೆಯಿತೇ ಹೊರತು ಹಣದ ಹರಿವು ನಿಲ್ಲಲಿಲ್ಲ. ಈಗ ಚುನಾವಣಾ ಟ್ರಸ್ಟ್‌ಗಳ ದಾರಿ ತೆರೆದೇ ಇದೆ. ಹಲವು ಕಂಪನಿಗಳು ಒಂದೇ ಟ್ರಸ್ಟ್‌ಗೆ ಹಣ ಹಾಕುತ್ತವೆ, ಟ್ರಸ್ಟ್ ಅದನ್ನು ಪಕ್ಷಗಳಿಗೆ ಹಂಚುತ್ತದೆ. ಹೆಸರುಗಳು ಬಹಿರಂಗವಾದರೂ ಯಾವ ಕಂಪನಿಯ ಹಣ ಯಾವ ಪಕ್ಷ ಸೇರಿತೆಂದು ಖಚಿತವಾಗಿ ಹೇಳುವುದು ಅನೇಕ ವೇಳೆ ಕಷ್ಟ. 20,000 ರೂಪಾಯಿ ಮೀರದ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ತಿಳಿಸಬೇಕಾಗಿಯೂ ಇಲ್ಲ. ಉಳಿದ ವರದಿ ಆಯೋಗಕ್ಕೆ ಸಲ್ಲಿಕೆಯಾಗುವುದು ಆರ್ಥಿಕ ವರ್ಷ ಮುಗಿದ ಮೇಲೆ. ಅಷ್ಟರಲ್ಲಿ ಮತದಾನ ಮುಗಿದಿರಬಹುದು, ಟೆಂಡರೂ ಮಂಜೂರಾಗಿರಬಹುದು. ಹಾಗಾಗಿ ದೇಣಿಗೆ ಕೈಸೇರಿದ ಕೆಲವೇ ದಿನಗಳಲ್ಲಿ, ಮತದಾನಕ್ಕೆ ಮೊದಲೇ, ಕೊಟ್ಟವರ ಹೆಸರನ್ನು ಆಯೋಗದ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವನ್ನು ನಾವು ಕೇಳಬೇಕು.