4 ವರ್ಷದ ಮಗಳು, 16 ತಿಂಗಳ ಮಗ: ಇಬ್ಬರನ್ನೂ ಕರೆದುಕೊಂಡು ಕ್ರೂಸ್‌ಗೆ ಹೋಗಬಹುದಾ?

ಸಿಂಗಾಪುರದಿಂದ 4 ರಾತ್ರಿಯ ಕ್ರೂಸ್ ನೋಡಿದ್ದೀರಿ, ಅತ್ತೆಯವರು "ಇಷ್ಟು ಚಿಕ್ಕ ಮಕ್ಕಳನ್ನು ನೀರಿನ ಮೇಲೆ ಯಾಕೆ ಕರ್ಕೊಂಡು ಹೋಗ್ತೀಯ" ಅಂತಿದ್ದಾರೆ ಎಂದು ಬರೆದಿದ್ದೀರಿ. ನಾವು ಬೆಂಗಳೂರಿನಿಂದ ಇದೇ ಪ್ರವಾಸಕ್ಕೆ ಹೋದಾಗ ನಮ್ಮ ಮಕ್ಕಳಿಗೂ ಹೆಚ್ಚುಕಡಿಮೆ ಇದೇ ವಯಸ್ಸು. ಧೈರ್ಯವಾಗಿ ಹೋಗಿ. ಆದರೆ ಊರು ನೋಡುವ ಆಸೆಯನ್ನು ಈ ಒಂದು ಸಲ ಮನೆಯಲ್ಲೇ ಬಿಟ್ಟು ಹೋಗಿ.

ನಮ್ಮ ಹಡಗು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಎರಡು ಕಡೆ ನಿಂತಿತು. ಪೆನಾಂಗ್‌ನಲ್ಲಿ ಹಡಗು ಜಾರ್ಜ್ ಟೌನ್ ಊರಿಗೆ ಅಂಟಿಕೊಂಡೇ ನಿಲ್ಲುತ್ತದೆ. ಇಳಿದು ಸ್ವಲ್ಪ ನಡೆದರೆ ಲಿಟಲ್ ಇಂಡಿಯಾ. ಅಲ್ಲಿ ಮಗಳಿಗೆ ಇಡ್ಲಿ ತಿನ್ನಿಸಿ ಎರಡೇ ಗಂಟೆಯಲ್ಲಿ ವಾಪಸ್ ಬಂದೆವು. ಫುಕೆಟ್‌ನಲ್ಲಿ ಹಾಗಲ್ಲ. ಹಡಗು ಪಾಟೊಂಗ್ ತೀರದಿಂದ ದೂರ ಲಂಗರು ಹಾಕಿತು. ಸಣ್ಣ ದೋಣಿಗೆ ಕ್ಯೂ ನಿಂತು, ಅಲ್ಲಾಡುವ ದೋಣಿಗೆ ಮಗುವನ್ನು ಎತ್ತಿಕೊಂಡು ಕಾಲಿಡಬೇಕು, ಮಧ್ಯಾಹ್ನದ ಬಿಸಿಲಲ್ಲಿ ಮತ್ತೆ ಅದೇ ಕ್ಯೂ. ನಾವು ಇಳಿಯಲೇ ಇಲ್ಲ. ಎಲ್ಲರೂ ಇಳಿದು ಹೋಗಿದ್ದರಿಂದ ಮಕ್ಕಳ ನೀರಾಟದ ಜಾಗ ಪೂರ್ತಿ ನಮ್ಮದೇ ಆಗಿತ್ತು. ಆಮೇಲೆ ಮಗ ಮೂರು ಗಂಟೆ ನಿದ್ದೆ ಮಾಡಿದ. ಇಡೀ ಪ್ರವಾಸದಲ್ಲಿ ನಾನೂ ನನ್ನ ಗಂಡನೂ ಕೂತು ಮಾತಾಡಿದ್ದು ಆ ಮಧ್ಯಾಹ್ನವೇ.

ಚಿಕ್ಕ ಮಕ್ಕಳಿಗೆ ಕ್ರೂಸ್ ಹೊಂದುವುದು ಇದಕ್ಕೇ. ಬ್ಯಾಗ್ ಒಂದೇ ಸಲ ಬಿಚ್ಚುತ್ತೀರಿ. ಊಟ, ಹಾಸಿಗೆ, ನೀರು ಎಲ್ಲವೂ ಐದು ನಿಮಿಷದ ದೂರದಲ್ಲಿ ಇರುತ್ತವೆ. ಮಗು ಅತ್ತರೆ ರೂಮಿಗೆ ಹೋಗಿ ಮಲಗಿಸಬಹುದು. ಟ್ಯಾಕ್ಸಿಯಲ್ಲಿ ಊರೂರು ತಿರುಗುವ ಪ್ರವಾಸದಲ್ಲಿ ಈ ಸುಖ ಇಲ್ಲ.

ರೂಮು ಕಿಟಕಿ ಇಲ್ಲದ್ದಾದರೂ ಬೇಸರ ಬೇಡ, ದೀಪ ಆರಿಸಿದರೆ ಗವ್ವೆನ್ನುವ ಕತ್ತಲು, ಮಕ್ಕಳು ಚೆನ್ನಾಗಿ ಮಲಗುತ್ತಾರೆ. ಬಾಲ್ಕನಿ ತಗೊಂಡರೆ ಕುರ್ಚಿಯನ್ನು ಕಂಬಿಯ ಹತ್ತಿರ ಬಿಡಬೇಡಿ, ಬಾಗಿಲಿಗೆ ಯಾವಾಗಲೂ ಚಿಲಕ ಹಾಕಿ. ನಿಮ್ಮ ಮಗಳ ವಯಸ್ಸಿನವರು ಹತ್ತುತ್ತಾರೆ. ಮಗನಿಗೆ ಮಲಗುವ ತೊಟ್ಟಿಲು ಬೇಕು ಎಂದು ಬುಕ್ ಮಾಡುವಾಗಲೇ ಹೇಳಿ.

ನಾವು ತಪ್ಪಿದ್ದು ಮೊದಲ ದಿನ. ದೊಡ್ಡ ಬ್ಯಾಗ್‌ಗಳನ್ನು ಬಂದರಿನಲ್ಲೇ ಕೊಟ್ಟುಬಿಡುತ್ತೇವೆ, ಅವರು ರೂಮಿಗೆ ತಲುಪಿಸುತ್ತಾರೆ. ಆದರೆ ಅದು ತಕ್ಷಣ ಬರುವುದಿಲ್ಲ. ನಾವು ಮಧ್ಯಾಹ್ನ ಹತ್ತಿದೆವು, ಬ್ಯಾಗ್ ಬಂದಾಗ ರಾತ್ರಿ. ಡೈಪರ್, ಹಾಲಿನ ಪುಡಿ ಎರಡೂ ಅದರೊಳಗೆ. ಮಗ ಹಸಿವಿಗೆ ಅತ್ತದ್ದು ನೆನಪಾದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಹಾಲಿನ ಪುಡಿ, ಡೈಪರ್, ಔಷಧಿ, ಒಂದೊಂದು ಜೊತೆ ಬಟ್ಟೆ, ಈಜುಡುಗೆ ಎಲ್ಲವನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಡಗಿನಲ್ಲಿ ಹಾಲು ಸಿಗುತ್ತದೆ, ಆದರೆ ನಿಮ್ಮ ಮಗುವಿಗೆ ಒಗ್ಗಿದ ಪುಡಿಯೇ ಸಿಗುತ್ತದೆ ಎಂದು ನಂಬಬೇಡಿ.

ರಾಗಿ ಸರಿ ಕುದಿಸೋಣ ಅಂತ ಎಲೆಕ್ಟ್ರಿಕ್ ಕೆಟಲ್ ತಗೊಂಡು ಹೋಗಬೇಡಿ, ಬೆಂಕಿಯ ಭಯಕ್ಕೆ ಅದನ್ನು ಒಳಗೆ ಬಿಡುವುದಿಲ್ಲ. ಹುರಿದು ಪುಡಿ ಮಾಡಿದ ಅವಲಕ್ಕಿ ಇದ್ದರೆ ಸಾಕು, ಊಟದ ಹಾಲ್‌ನಲ್ಲಿ ಬಿಸಿನೀರು ಕೇಳಿ ಕಲಸಬಹುದು. ಅಲ್ಲಿ ಅನ್ನ, ದಾಲ್, ಮೊಸರೂ ಇತ್ತು.

ಇನ್ನೊಂದು ವಿಷಯ ಮೊದಲೇ ತಿಳಿದುಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಹೋಗಿ ಮಗು ಅಳುತ್ತದೆ. ಡೈಪರ್ ಹಾಕುವ ಮಕ್ಕಳನ್ನು, ಅದು ಈಜುವ ಡೈಪರ್ ಆದರೂ, ತುಂಬಾ ಹಡಗುಗಳಲ್ಲಿ ದೊಡ್ಡ ಪೂಲ್‌ಗೆ ಇಳಿಸುವುದಿಲ್ಲ. ಪುಟ್ಟ ಮಕ್ಕಳಿಗೆ ಬೇರೆ ಜಾಗ ಇದೆಯಾ ಎಂದು ಬುಕ್ ಮಾಡುವ ಮುಂಚೆ ಕೇಳಿ. ಮಕ್ಕಳ ಕ್ಲಬ್ಬೂ ಸಾಮಾನ್ಯವಾಗಿ 3 ವರ್ಷ ತುಂಬಿ, ಡೈಪರ್ ಬಿಟ್ಟವರಿಗೆ. ನಿಮ್ಮ ಮಗಳು ಹೋಗಬಹುದು, ಮಗ ನಿಮ್ಮ ಜೊತೆಯೇ.

ಅತ್ತೆಯವರ ಭಯ ಬಹುಶಃ ವಾಂತಿ, ತಲೆಸುತ್ತಿನ ಬಗ್ಗೆ ಇರಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಕಡಿಮೆ, ಅದಕ್ಕಿಂತ ದೊಡ್ಡವರಿಗೆ ಜಾಸ್ತಿ. ಹಾಗಾಗಿ ಗಮನ ಮಗಳ ಮೇಲಿರಲಿ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ರೂಮು ಕೇಳಿ, ಅಲ್ಲಿ ಅಲ್ಲಾಟ ಕಡಿಮೆ. ವಾಂತಿ ಬಾರದಿರಲಿ ಅಂತ ನಾವು ದೊಡ್ಡವರು ನುಂಗುವ ಅವೊಮಿನ್ ಮಾತ್ರೆಯನ್ನು ಅರ್ಧ ಮಾಡಿ ಮಕ್ಕಳಿಗೆ ಕೊಡುವುದು ದಯವಿಟ್ಟು ಬೇಡ. ಅದರಲ್ಲಿರುವ ಪ್ರೊಮೆಥಜಿನ್ ಎರಡು ವರ್ಷದೊಳಗಿನವರಿಗೆ ಉಸಿರಾಟಕ್ಕೇ ತೊಂದರೆ ಮಾಡಬಹುದು. ಮಗಳಿಗೆ ಏನು, ಎಷ್ಟು ಎಂದು ಮಕ್ಕಳ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.

ಹಡಗಿನಲ್ಲಿ ವಾಂತಿ-ಭೇದಿ ಹರಡಿಸುವ ನೊರೊವೈರಸ್ ಸ್ಯಾನಿಟೈಸರ್‌ಗೆ ಸರಿಯಾಗಿ ಬಗ್ಗುವುದಿಲ್ಲ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ, ಪ್ರತಿ ಸಲವೂ.

ಮುಂಬೈಯಿಂದ ಹೋಗುವುದು ಅಗ್ಗ ಆಗುತ್ತದಾ ಎಂದೂ ಕೇಳಿದ್ದೀರಿ. ಸಿಂಗಾಪುರದ ವಿಮಾನದ ದುಡ್ಡು, ವೀಸಾ ಎರಡೂ ಉಳಿಯುವುದು ನಿಜ. ಆದರೆ ಮುಂಬೈಯಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ 1990ರಿಂದ ಓಡುತ್ತಿರುವ, ಸುಮಾರು 48,000 ಗ್ರಾಸ್ ಟನ್‌ನ (ಹಡಗಿನ ಗಾತ್ರದ ಅಳತೆ) ಹಡಗು. ಸಿಂಗಾಪುರದಿಂದ ಹೊರಡುವ ದೊಡ್ಡವು 1.5 ಲಕ್ಷ ಮೀರಿದವು, ದೊಡ್ಡ ಹಡಗಿನಲ್ಲಿ ಅಲ್ಲಾಟ ಕಡಿಮೆ. ಸಿಂಗಾಪುರದಿಂದ ಪೆನಾಂಗ್ ಕಡೆ ಹೋಗುವ ದಾರಿಯ ಮಲಕ್ಕಾ ಜಲಸಂಧಿಯ ನೀರೂ ಎರಡು ಕಡೆ ನೆಲ ಇರುವುದರಿಂದ ಸಾಮಾನ್ಯವಾಗಿ ಶಾಂತ. ಮುಂಬೈಯೇ ಸರಿ ಅನ್ನಿಸಿದರೆ ಮಳೆಗಾಲ ಕಳೆದ ಮೇಲೆ, ಡಿಸೆಂಬರ್-ಜನವರಿಯಲ್ಲಿ ಹೋಗಿ. ಲಕ್ಷದ್ವೀಪದ ಟ್ರಿಪ್ ಈಗ ಬೇಡ, ಅಲ್ಲೂ ದೋಣಿಗೆ ಇಳಿದೇ ದಡ ಸೇರಬೇಕು. ಮಗ ತಾನೇ ಗಟ್ಟಿಯಾಗಿ ಕೈ ಹಿಡಿದು ನಡೆಯುವಷ್ಟಾಗಲಿ.

ಸಿಂಗಾಪುರಕ್ಕೇ ಹೋಗುವುದಾದರೆ ನಾಲ್ಕೂ ಜನರ ವೀಸಾ ಮಲ್ಟಿಪಲ್ ಎಂಟ್ರಿಯದ್ದೇ ಎಂದು ನೋಡಿಕೊಳ್ಳಿ. ಹಡಗು ಹತ್ತಿದರೆ ದೇಶ ಬಿಟ್ಟ ಲೆಕ್ಕ, ವಾಪಸ್ ಬರುವಾಗ ಮತ್ತೆ ಪ್ರವೇಶ ಬೇಕಾಗುತ್ತದೆ.