ಪ್ಲೇಟ್ ಬದಲಿಸಿದ ಮೇಲೂ ಗಾಡಿ ನಡುಗುವುದೇಕೆ?

ಕ್ಲಚ್ ಕುರಿತ ಒಂದೇ ಪ್ರಶ್ನೆ, ಅದೇ ತಪ್ಪು ಚಿಕಿತ್ಸೆಯ ವಿವರದೊಂದಿಗೆ, ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ಅಂಕಣದ ಬಹುಪಾಲನ್ನು ಅದಕ್ಕೇ ಬಿಟ್ಟಿದ್ದೇನೆ. ಕ್ಲಚ್ ಎಂದರೇನೆಂದು ವಿವರಿಸುವುದಿಲ್ಲ. ಗಾಡಿ ಓಡಿಸುವವರಿಗೆ ಅಷ್ಟು ತಿಳಿದಿರಬೇಕು.

ಪ್ರಶ್ನೆ: ನನ್ನ ಡೀಸೆಲ್ ಕಾರು ಮೊದಲ ಗೇರಿನಲ್ಲಿ ಹೊರಡುವಾಗ, ಅದರಲ್ಲೂ ಮನೆ ಮುಂದಿನ ಏರಿನಲ್ಲಿ ರಿವರ್ಸ್ ತೆಗೆಯುವಾಗ, ಸೀಟು ಸಮೇತ ಗಡಗಡ ನಡುಗುತ್ತದೆ. ಪೆಡಲ್ ಪೂರ್ತಿ ಬಿಟ್ಟೊಡನೆ ನಿಲ್ಲುತ್ತದೆ. ಕ್ಲಚ್ ಪ್ಲೇಟ್ ಬದಲಿಸಿ ಎರಡು ತಿಂಗಳೂ ಆಗಿಲ್ಲ. ಕೆಲವು ವಾರ ಚೆನ್ನಾಗಿತ್ತು, ಈಗ ನಡುಕ ಮರಳಿದೆ. ಹೊಸ ಪ್ಲೇಟೂ ಸವೆಯಿತೇ? (ಸಕಲೇಶಪುರದ ಓದುಗರು)

ಉತ್ತರ: ಸವೆದಿರಲಾರದು. ಸವೆದು ತೆಳ್ಳಗಾದ ಪ್ಲೇಟ್ ಜಾರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ನಡುಕ ಬೇರೆಯೇ ಕಾಯಿಲೆ. ಅದಕ್ಕೆ ಕಾರಣ ಲೈನಿಂಗ್ (ಪ್ಲೇಟಿನ ಮೇಲಿನ ಹಿಡಿತದ ಪದರ) ಎಷ್ಟು ಉಳಿದಿದೆ ಎಂಬುದಲ್ಲ, ಅದರ ಮೇಲ್ಮೈ ಹೇಗೆ ಹಿಡಿಯುತ್ತದೆ ಎಂಬುದು.

ತುಂಬಿದ ಕಬ್ಬಿಣದ ಬೀರುವನ್ನು ನೆಲದ ಮೇಲೆ ನಿಧಾನವಾಗಿ ತಳ್ಳಿದವರಿಗೆ ಗೊತ್ತಿರುತ್ತದೆ: ಅದು ಒಂದೇ ಸಮನೆ ಸರಿಯುವುದಿಲ್ಲ, ಹಿಡಿದು ಜಾರಿ, ಮತ್ತೆ ಹಿಡಿದು ಜಾರಿ, ಗರಗರ ಎನ್ನುತ್ತ ಹೋಗುತ್ತದೆ. ಕ್ಲಚ್‌ನಲ್ಲಿ ನಡೆಯುವುದೂ ಇದೇ ಬಗೆಯದು. ನೀವು ಪೆಡಲ್ ಬಿಡುತ್ತಿರುವಾಗ ಫ್ಲೈವೀಲ್ (ಎಂಜಿನ್ನಿನೊಂದಿಗೆ ತಿರುಗುವ ಭಾರದ ಚಕ್ರ) ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತಿದ್ದರೆ, ಪ್ಲೇಟ್ ಸೊನ್ನೆಯಿಂದ ಹೊರಟು ಅದನ್ನು ಸೇರಬೇಕು. ಅಲ್ಲಿಯವರೆಗೆ ಎರಡರ ನಡುವೆ ಜಾರಾಟ ಇದ್ದೇ ಇರುತ್ತದೆ. ಒಳ್ಳೆಯ ಲೈನಿಂಗ್‌ನಲ್ಲಿ ಜಾರಾಟ ಹೆಚ್ಚಿದಂತೆ ಘರ್ಷಣೆ ತುಸು ಏರುತ್ತದೆ ಅಥವಾ ಇದ್ದಲ್ಲೇ ಇರುತ್ತದೆ, ಆದ್ದರಿಂದ ಹುಟ್ಟಿದ ಅಲುಗಾಟ ತಾನಾಗಿ ಅಡಗುತ್ತದೆ. ಎಣ್ಣೆ ತಗುಲಿದ ಅಥವಾ ಕಾದು ಗಾಜಿನಂತೆ ಮಿರುಗುವ ಲೈನಿಂಗ್‌ನಲ್ಲಿ ಇದು ತಿರುವುಮುರುವಾಗಿ, ಜಾರಾಟ ಕಡಿಮೆಯಾದಷ್ಟೂ ಹಿಡಿತ ಬಿಗಿಯಾಗುತ್ತದೆ. ಆಗ ಗೇರ್‌ಬಾಕ್ಸ್ ಶಾಫ್ಟ್ ಅರೆಗಳಿಗೆ ಮುಂದಕ್ಕೆ ಚಿಮ್ಮಿದರೆ ಅದಕ್ಕೆ ಇನ್ನಷ್ಟು ತಳ್ಳು ಸಿಗುತ್ತದೆ, ಹಿಂದೆ ಬಿದ್ದರೆ ತಳ್ಳು ಸಡಿಲುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತೂಗಿದಂತೆ. ಶಾಫ್ಟುಗಳು ಸ್ಪ್ರಿಂಗಿನಂತೆ ತಿರುಚಿ ಬಿಚ್ಚುವ ಆ ಸಹಜ ಲಯ ಕಾರುಗಳಲ್ಲಿ ಸೆಕೆಂಡಿಗೆ ಸುಮಾರು 10 ಬಾರಿಯ ಆಸುಪಾಸಿನಲ್ಲಿರುವುದರಿಂದಲೇ ನಡುಕ ಕಿವಿಗಿಂತ ಹೆಚ್ಚಾಗಿ ಬೆನ್ನಿಗೆ ತಿಳಿಯುತ್ತದೆ. ಪೂರ್ತಿ ಕಚ್ಚಿಕೊಂಡ ಮೇಲೆ ಜಾರಾಟವೇ ಇಲ್ಲ, ನಡುಕವೂ ಇಲ್ಲ.

ಇನ್ನೊಂದು ಬಗೆಯ ನಡುಕಕ್ಕೆ ಲೈನಿಂಗ್ ಕಾರಣವಲ್ಲ. ಫ್ಲೈವೀಲ್ ಮುಖ ಓರೆಯಾಗಿದ್ದರೆ, ಪ್ಲೇಟನ್ನು ಫ್ಲೈವೀಲಿಗೆ ಒತ್ತುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳು ಒಂದೇ ಎತ್ತರದಲ್ಲಿಲ್ಲದಿದ್ದರೆ, ಅಥವಾ ಕೂರಿಸುವಾಗ ಗೇರ್‌ಬಾಕ್ಸಿನ ಭಾರವನ್ನು ಪ್ಲೇಟಿನ ನಡುಭಾಗದ ಹಬ್ ಮೇಲೆ ನೇತುಬಿಟ್ಟು ಪ್ಲೇಟನ್ನು ಬಗ್ಗಿಸಿದ್ದರೆ, ಸುತ್ತು ಸುತ್ತಿಗೂ ಒತ್ತಡ ಏರಿಳಿಯುತ್ತದೆ. ಈ ನಡುಕ ಸಾಮಾನ್ಯವಾಗಿ ಪೆಡಲ್ ಬಿಡುವ ನಡುವಿನ ಯಾವುದೋ ಒಂದು ಹಂತದಲ್ಲಿ ಉಕ್ಕಿ ಇಳಿಯುತ್ತದೆ. ಮೊದಲಿನದು ಜಾರಾಟ ಇರುವವರೆಗೂ ಅದೇ ಲಯದಲ್ಲಿ ಕಾಡುತ್ತದೆ. ಹೊಸ ಪ್ಲೇಟ್ ಕೂರಿಸಿದ ದಿನದಿಂದಲೇ ನಡುಗುತ್ತಿದ್ದರೆ ನಾನು ಮೊದಲು ಸಂಶಯಿಸುವುದು ಕೂರಿಸಿದವರ ಕೈಯನ್ನು. ನಿಮ್ಮದು ಕೆಲವು ವಾರ ಚೆನ್ನಾಗಿದ್ದು ಮರಳಿದೆ. ಆದ್ದರಿಂದ ಎಣ್ಣೆ ಅಥವಾ ಕಾವು.

ಪ್ಲೇಟ್ ಬದಲಿಸಿದವರು ಫ್ಲೈವೀಲ್ ಮುಖವನ್ನು ನಿಮಗೆ ತೋರಿಸಿದರೇ? ಬಸ್ ಡಿಪೋ ಒಂದರಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ಇದೇ ತಪ್ಪು ಮಾಡಿದ್ದೆ. ನೀಲಿ ಕಲೆಗಳಿದ್ದ ಫ್ಲೈವೀಲನ್ನು ಬಟ್ಟೆಯಲ್ಲಿ ಒರೆಸಿ ಅದರ ಮೇಲೆಯೇ ಹೊಸ ಪ್ಲೇಟ್ ಕೂರಿಸಿದೆ. ವಾರ ಕಳೆಯುವಷ್ಟರಲ್ಲಿ ಬಸ್ಸು ನಡುಗುತ್ತ ಮರಳಿ ಬಂತು, ಇಡೀ ಗೇರ್‌ಬಾಕ್ಸನ್ನು ಮತ್ತೆ ನಾನೇ ಇಳಿಸಬೇಕಾಯಿತು. ಆ ನೀಲಿ ಕಲೆ ಕೊಳೆಯಲ್ಲ, ಕಾದು ಗಡುಸಾದ ಲೋಹ. ಕಂಪನಿಯ ಕೈಪಿಡಿ ಒಪ್ಪುವ ಮಿತಿಯೊಳಗೆ ಅದನ್ನು ಗ್ರೈಂಡಿಂಗ್ ಮಾಡಿಸಬೇಕು, ಇಲ್ಲವೇ ಬದಲಿಸಬೇಕು. ಅನೇಕ ಡೀಸೆಲ್ ಕಾರುಗಳಲ್ಲಿರುವ ಡ್ಯುಯಲ್ ಮಾಸ್ ಫ್ಲೈವೀಲನ್ನು (ನಡುವೆ ಸ್ಪ್ರಿಂಗ್ ಇರುವ ಎರಡು ಭಾಗಗಳ ಚಕ್ರ) ಮಾತ್ರ ಲೇತ್‌ಗೆ ಕೊಡಬೇಡಿ. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಆಯಿಲ್ ಸೀಲನ್ನೂ ಗೇರ್‌ಬಾಕ್ಸ್ ಶಾಫ್ಟಿನ ಸೀಲನ್ನೂ ಬೆರಳಿನಿಂದ ಮುಟ್ಟಿ ನೋಡಿಸಿ. ಬೆರಳಿಗೆ ಎಣ್ಣೆ ಹತ್ತಿದರೆ ಸೀಲ್ ಬದಲಿಸದೆ ಎಷ್ಟು ಪ್ಲೇಟ್ ಹಾಕಿಸಿದರೂ ವ್ಯರ್ಥ. ಇಷ್ಟೆಲ್ಲ ಬಿಚ್ಚುವ ಮುನ್ನ ಎಂಜಿನ್ ಮೌಂಟಿಂಗ್ (ಎಂಜಿನ್ ಕೂತಿರುವ ರಬ್ಬರ್ ಆಸರೆ) ನೋಡಿಸಿ. ಹರಿದ ಮೌಂಟಿಂಗ್ ಸಣ್ಣ ನಡುಕವನ್ನೂ ದೊಡ್ಡದು ಮಾಡುತ್ತದೆ, ಖರ್ಚೂ ಕಡಿಮೆ.

ಕ್ಲಚ್ ಹೌಸಿಂಗಿನ ಕಿಂಡಿಯಿಂದ ಪೆಟ್ರೋಲ್ ಸುರಿದು 'ತೊಳೆದುಕೊಡುವ', ಸೋಪಿನ ಪುಡಿ ಊದುವ, ಹ್ಯಾಂಡ್‌ಬ್ರೇಕ್ ಎಳೆದು ಹಾಫ್ ಕ್ಲಚ್‌ನಲ್ಲಿ ಹೊಗೆ ಬರುವವರೆಗೆ 'ಸುಟ್ಟು ಸರಿಮಾಡುವ' ಮಹನೀಯರಿಂದ ದೂರವಿರಿ. ಲೈನಿಂಗ್ ಹೀರಿದ ಎಣ್ಣೆ ಕಾದಾಗಲೆಲ್ಲ ಮತ್ತೆ ಒಸರುತ್ತದೆ. ಪೆಟ್ರೋಲಿನ ಪಕ್ಕ ಕಿಡಿ ಹಾರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಕ್ಲಚ್ ದೂಳನ್ನು ಏರ್ ಪೈಪಿನಿಂದ ಊದಲೂ ಬಿಡಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ನಿಮ್ಮ ಗಾಡಿಯಲ್ಲಿ ಯಾವುದಿದೆಯೆಂದು ಊದುವವನಿಗೆ ತಿಳಿದಿರುವುದಿಲ್ಲ.

ಪ್ರಶ್ನೆ: ಎಷ್ಟು ಕಿಲೋಮೀಟರಿಗೆ ಕ್ಲಚ್ ಬದಲಿಸಬೇಕು?

ಉತ್ತರ: ನಿಮ್ಮ ಎಡಗಾಲನ್ನು ಕೇಳಿ.

ಪ್ರಶ್ನೆ: ನ್ಯೂಟ್ರಲ್‌ನಲ್ಲಿ ಕಟಕಟ ಸದ್ದು ಬರುತ್ತದೆ, ಕ್ಲಚ್ ಒತ್ತಿದರೆ ನಿಲ್ಲುತ್ತದೆ. ರಿಲೀಸ್ ಬೇರಿಂಗ್ ಹೋಗಿದೆಯೇ?

ಉತ್ತರ: ರಿಲೀಸ್ ಬೇರಿಂಗ್ ಕೆಟ್ಟರೆ ಒತ್ತಿದಾಗ ಕೂಗುತ್ತದೆ, ನಿಮ್ಮದು ಗೇರ್ ಹಲ್ಲುಗಳ ಕಟಕಟವೋ ಗೇರ್‌ಬಾಕ್ಸ್ ಬೇರಿಂಗೋ ಇರಬೇಕು.

ಪ್ರಶ್ನೆ: 80 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಕ್ಲಚ್ ಸೆಟ್ ಹಾಕಿಸಲೇ?

ಉತ್ತರ: ಬೇಡ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ, ಕ್ಲಚ್ ಸೆಟ್ ಹಾಕಿಸಲು ಹೇಳಿದ ಗ್ಯಾರೇಜನ್ನೂ ಬದಲಿಸಿ.